ಮಂಜಲ್ಲ ಮಾರಾಯ, ರೇಡಿಯೊ

ಸಿದ್ದಾಪುರ, ಕೊಡಗು
ಕಕ್ಕಡ ತಿಂಗಳು, ಜಡಿಮಳೆ

ಪ್ರೀತಿಯ ಗೆಳೆಯಾ,

ಬೆಂಗಳೂರಿನಿಂದ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ದಿನ ತಡವಾಗಿ ಕೇಳಿದೆ. ಇಲ್ಲಿ ಕರೆಂಟ್ ಇರಲಿಲ್ಲ, ಟವರೂ ಮಲಗಿತ್ತು. ಏಳು ನಿಮಿಷದಲ್ಲಿ ಆರೂವರೆ ನಿಮಿಷ 'ಸೈಲೆಂಟ್ ಹಿಲ್ 2' ಅನ್ನುವ ಭಯದ ವಿಡಿಯೊ ಗೇಮಿನ ಹೊಗಳಿಕೆ. ಉಳಿದ ಅರ್ಧ ನಿಮಿಷ ನನಗೆ ಬೈಗುಳ. ಮೊದಲನೆಯ ಆಟವೇ ಮೇಲು ಅಂತ ಇಷ್ಟು ವರ್ಷ ಹಟ ಹಿಡಿದು ಕೂತಿದ್ದಕ್ಕೆ.

ಸರಿ, ಮತ್ತೆ ಆಡಿದೆ. ನೀನು ಆಡಿದ್ದು 2024ರ ಹೊಸ ರೂಪ. ನನ್ನ ಕಂಪ್ಯೂಟರಿಗೆ ಅದನ್ನು ಹೊರುವ ತಾಕತ್ತಿಲ್ಲ. ಹಾಗಾಗಿ 2001ರಲ್ಲಿ ಬಂದ ಹಳೆಯದನ್ನೇ ತೆಗೆದು ಕೂತೆ. ಯುಪಿಎಸ್ ಬ್ಯಾಟರಿ ಕಿರುಚುವ ತನಕ ಆಡುವುದು, ಆಮೇಲೆ ಕತ್ತಲಲ್ಲಿ ಹಾಸಿಗೆ ಹುಡುಕುವುದು. ಹತ್ತು ರಾತ್ರಿ ಹೀಗೇ ಹೋಯಿತು.

ಮೊದಲನೆಯದನ್ನು ನಿಮ್ಮ ಮನೆಯ ಅಟ್ಟದಲ್ಲಿ ಆಡಿದ್ದು ನೆನಪಿದೆ ಅಲ್ವಾ? ನಿನ್ನ ಚಿಕ್ಕಪ್ಪ ದುಬೈಯಿಂದ ತಂದ ಪ್ಲೇಸ್ಟೇಷನ್, ಹಿಂದಿನಿಂದ ತಟ್ಟಿದರೆ ಮಾತ್ರ ಚಿತ್ರ ಬರುವ ಟಿವಿ. ಆಟದ ನಾಯಕ ಹ್ಯಾರಿ ಮೇಸನ್ ಕಳೆದುಹೋದ ಮಗಳನ್ನು ಹುಡುಕಿಕೊಂಡು ಆ ಓಣಿಗೆ ನುಗ್ಗುತ್ತಾನೆ. ಕ್ಯಾಮೆರಾ ಸೊಟ್ಟಗಾಗುತ್ತದೆ. ಸೈರನ್ ಕೂಗುತ್ತದೆ, ಕತ್ತಲಾಗುತ್ತದೆ. ಚಾಕು ಹಿಡಿದ ಪುಟ್ಟ ಪುಟ್ಟ ಆಕಾರಗಳು ಬಂದು ಕಾಲಿಗೆ ಸುತ್ತಿಕೊಳ್ಳುತ್ತವೆ. ಹಿಂದೆ ಓಡಿದರೆ ದಾರಿಯೇ ಇಲ್ಲ. ನೀನು ಸತ್ತೆ. 'ಆಟ ಮುಗೀತು, ಈಗ ನಂದು' ಅಂತ ನಾನು ಕೈಯಿಂದ ಕಂಟ್ರೋಲರ್ ಕಿತ್ಕೊಂಡೆ. ನೋಡಿದರೆ ಹ್ಯಾರಿ ಕೆಫೆಯೊಂದರಲ್ಲಿ ಕಣ್ಣು ಬಿಡುತ್ತಿದ್ದಾನೆ. ಸಾಯಲೇಬೇಕಾದ ಜಾಗ ಅದು. ನನ್ನ ಸರದಿ ಬಂದದ್ದು ಹಾಗೆ, ಸುಮ್ನೆ.

ಆ ಕೆಫೆಯಲ್ಲೇ ರೇಡಿಯೊ ಸಿಗುವುದು. ಮೇಜಿನ ಮೇಲೆ ತಾನಾಗಿ ಕರಕರ ಅನ್ನುತ್ತದೆ. ಏನಪ್ಪಾ ಇದು ಅಂತ ಹತ್ತಿರ ಹೋಗುವಷ್ಟರಲ್ಲಿ ಕಿಟಕಿ ಒಡೆದು ರೆಕ್ಕೆಯ ಪ್ರಾಣಿಯೊಂದು ಒಳಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅಂಥ ಪ್ರಾಣಿ ಹತ್ತಿರ ಬಂದಾಗ ರೇಡಿಯೊ ಕರಕರ ಅನ್ನುತ್ತದೆ, ಆ ಸದ್ದೇ ನಮ್ಮ ಯಜಮಾನ.

ಎಲ್ಲರೂ ಆ ಆಟದ ಮಂಜನ್ನು ಹೊಗಳುತ್ತಾರೆ. 1999ರ ಆ ಯಂತ್ರಕ್ಕೆ ಊರನ್ನು ದೂರದವರೆಗೆ ಬಿಡಿಸುವ ಶಕ್ತಿ ಇರಲಿಲ್ಲ, ಅದಕ್ಕೆ ಮಂಜು ಕವಿಸಿ ಮುಚ್ಚಿದರು. ಜಾಣತನವೇ, ಇಲ್ಲ ಅನ್ನುವುದಿಲ್ಲ. ಆದರೆ ನಮಗೆ ಮಂಜಿನ ಭಯ ಎಲ್ಲಿಂದ ಬರಬೇಕು ಹೇಳು? ಜುಲೈ ತಿಂಗಳಲ್ಲಿ ಎದುರಿನ ಸಿಲ್ವರ್ ಓಕ್ ಮರ ಕಾಣಿಸಿದರೆ ನಮಗೆ ಆಶ್ಚರ್ಯ. ನಾವು ಶಾಲೆಗೆ ಹೋದದ್ದೇ ಮಂಜಿನೊಳಗೆ, ಕಾಲಿಗೆ ಅಂಟಿದ ಜಿಗಣೆ ಕಿತ್ತುಕೊಳ್ಳುತ್ತಾ.

ನಮಗೆ ಭಯ ಅಂದರೆ ಸದ್ದು. ಹೋದ ವಾರವೇ ನೋಡು. ರಾತ್ರಿ ಹನ್ನೊಂದರ ಹೊತ್ತಿಗೆ ಲೈನ್ ಮನೆಯ ಕಡೆ ನಾಯಿಗಳು ಬೊಗಳಿದವು, ಆಮೇಲೆ ಒಟ್ಟಿಗೇ ಸುಮ್ಮನಾದವು. ತೋಟದೊಳಗೆ ಲಟಕ್ ಅಂತ ಒಂದು ಕೊಂಬೆ. ಆಮೇಲೆ ಏನೂ ಇಲ್ಲ. ಹಲಸಿನ ಹಣ್ಣಿನ ವಾಸನೆಗೆ ಆನೆ ಬಂದಿದೆ ಅಂತ ಗೊತ್ತು, ಎಲ್ಲಿದೆ ಅಂತ ಗೊತ್ತಿಲ್ಲ. ಅಷ್ಟು ದೊಡ್ಡ ಜೀವ ಕಾಫಿ ಗಿಡಗಳ ಮಧ್ಯೆ ಉಸಿರು ಬಿಡದೆ ನಿಂತುಬಿಡುತ್ತದೆ. ಟಾರ್ಚ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸ್. ಜಗಲಿಯಲ್ಲಿ ಅಪ್ಪ, ನಾನು ಕಿವಿ ಬಿಟ್ಟುಕೊಂಡು ಕೂತಿದ್ದೆವು. ನಲವತ್ತು ನಿಮಿಷ! ಮೊದಲನೆಯ ಆಟ ಮಾಡುವುದು ಇದನ್ನೇ. ಏನೋ ಇದೆ ಅಂತ ರೇಡಿಯೊ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ.

ಎರಡನೆಯದರಲ್ಲೂ ಅದೇ ರೇಡಿಯೊ ಇದೆ, ಆದರೆ ಅದಕ್ಕೆ ಹಲ್ಲಿಲ್ಲ. ಬರುವ ಪ್ರಾಣಿಗಳು ತೂರಾಡುತ್ತಾ ಬರುತ್ತವೆ. ಅದರ ನಾಯಕ ಜೇಮ್ಸ್ ಮೊಳೆ ಹೊಡೆದ ಹಲಗೆಯಿಂದ ನಾಲ್ಕು ಬಾರಿಸಿದರೆ ಮುಗಿಯಿತು. ಗುಂಡು, ಔಷಧಿ ಬೇಕಾದಷ್ಟು. ಮೂರನೇ ರಾತ್ರಿಯ ಹೊತ್ತಿಗೆ ಕರಕರ ಕೇಳಿದರೂ ನಾನು ಕಾಫಿ ಕುಡಿಯುತ್ತಲೇ ನಡೆಯುತ್ತಿದ್ದೆ. ಒಂದೇ ಒಂದು ಕಡೆ ಬೆನ್ನು ತಣ್ಣಗಾಯಿತು: ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ, ಕಂಬಿಗಳ ಆಚೆ, ಆ ತ್ರಿಕೋನ ತಲೆಯವನು ನಿಂತಿರುತ್ತಾನಲ್ಲ, ಅಲ್ಲಿ. ಏನೂ ಮಾಡುವುದಿಲ್ಲ ಅವನು. ಸುಮ್ನೆ ನಿಂತಿರುತ್ತಾನೆ. ಅವನ ಚಿತ್ರ ಬರೆದ ಮಸಾಹಿರೊ ಇಟೊ ನಮ್ಮ ತೋಟಕ್ಕೆ ಬಂದು ಒಂಟಿ ಸಲಗ ನೋಡಿದ್ದನೇನೋ ಅನ್ನಿಸಿತು.

ಇಷ್ಟಾದರೂ ನಿನ್ನ ಮಾತು ಒಪ್ಪಿದೆ ಮಾರಾಯ. ಎರಡನೆಯದೇ ಮೇಲು. ಬೀಗಬೇಡ, ನಿನ್ನ ಆರೂವರೆ ನಿಮಿಷ ಕೇಳಿ ಒಪ್ಪಿದ್ದಲ್ಲ.

ಮೊದಲನೆಯದರ ಕಥೆ ಅರ್ಧದ ಮೇಲೆ ದೇವರು, ಪಂಥ, ಮಾಟ ಅಂತ ಎಲ್ಲೆಲ್ಲೋ ಹೋಗುತ್ತದೆ. ನರ್ಸ್ ಲೀಸಾ ಒಬ್ಬಳನ್ನು ಬಿಟ್ಟರೆ ಯಾರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಇರುವುದು ಒಂದೇ ಕಾಗದ. ಸತ್ತು ಮೂರು ವರ್ಷವಾದ ಹೆಂಡತಿಯ ಹೆಸರಿನಲ್ಲಿ ಬಂದದ್ದು, 'ನಮ್ಮ ಆ ಜಾಗದಲ್ಲಿ ಕಾಯ್ತಿದ್ದೀನಿ' ಅನ್ನುವ ಕಾಗದ. ಜೇಮ್ಸ್ ಹೊರಡುತ್ತಾನೆ. ಹೋಟೆಲಿನ ಕೋಣೆಯಲ್ಲಿ ಆ ವಿಡಿಯೊ ಕ್ಯಾಸೆಟ್ ಏನು ತೋರಿಸುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ, ಈ ಪತ್ರವನ್ನು ಬೇರೆಯವರೂ ಓದುತ್ತಾರೆ.

ನಾನು ಸೋತದ್ದು ಬೇರೆ ಕಡೆ. ನನ್ನ ಜಿಪುಣತನ ನಿನಗೆ ಗೊತ್ತಲ್ಲ. ಮೊದಲನೆಯ ಆಟ ಕಲಿಸಿದ ಬುದ್ಧಿ ಅದು: ಔಷಧಿ ಮುಗಿದರೆ ಸತ್ತೆ, ಕೂಡಿಡು. ಇಲ್ಲೂ ಹಾಗೇ ಮಾಡಿದೆ. ಜೇಮ್ಸ್ ರಕ್ತ ಸುರಿಸಿಕೊಂಡು ಕುಂಟುತ್ತಿದ್ದರೂ ಚೀಲದಲ್ಲಿ ಹೆಲ್ತ್ ಡ್ರಿಂಕ್ ಹಾಗೇ ಇಟ್ಟೆ. ದಾರಿಯಲ್ಲಿ ಸಿಕ್ಕ ಏಂಜೆಲಾ ಅನ್ನುವ ಹುಡುಗಿ ಕೊಟ್ಟ ಚಾಕುವನ್ನು ಎರಡು ಮೂರು ಸಲ ತೆಗೆದು ನೋಡಿದೆ, ಎಲ್ಲಾದರೂ ಬಳಸಬೇಕಾಗುತ್ತದೇನೋ ಅಂತ. ಆಟ ಇದನ್ನೆಲ್ಲ ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಗಾಯಕ್ಕೆ ಮದ್ದು ಹಾಕದವನು, ಚಾಕು ದಿಟ್ಟಿಸುವವನು ಬದುಕುವ ಆಸೆ ಬಿಟ್ಟವನು ಅಂತ ಅದರ ಲೆಕ್ಕ. ಕೊನೆಗೆ ನನಗೆ ಬಂದದ್ದು 'ಇನ್ ವಾಟರ್', ಅಂದರೆ 'ನೀರಿನಲ್ಲಿ', ಅನ್ನುವ ಅಂತ್ಯ. ಪರದೆ ಕಪ್ಪಾದ ಮೇಲೂ ನಾನು ಎದ್ದಿರಲಿಲ್ಲ. ನಾನು ಉಳಿತಾಯ ಅಂದುಕೊಂಡದ್ದನ್ನು ಅದು ಬೇರೇನೋ ಅಂತ ಓದಿಬಿಟ್ಟಿತ್ತು. ಮೊದಲನೆಯ ಆಟ ನನ್ನ ಮನಸ್ಸನ್ನು ಹೀಗೆ ಓದಿರಲಿಲ್ಲ.

ಇನ್ನೊಂದು. ಕೊನೆಯ ಹೊತ್ತಿಗೆ ಸುಮ್ನೆ ಕೈಗೆ ಬಂತು ಅಂತ ಹೆಂಡತಿಯ ಕಾಗದವನ್ನು ಮತ್ತೆ ತೆರೆದೆ. ಅಕ್ಷರಗಳೇ ಇಲ್ಲ. ಬಿಳಿ ಹಾಳೆ. ಯಾರೂ ಅದರ ಬಗ್ಗೆ ಒಂದು ಮಾತು ಆಡುವುದಿಲ್ಲ, ತೆರೆದು ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ನೀನು ನೋಡಿದ್ದೆಯಾ?

ಇಷ್ಟೆಲ್ಲ ಬರೆದ ಮೇಲೂ ಈ ಮಳೆಗೆ ಮತ್ತೆ ಆಡಬೇಕು ಅನ್ನಿಸುತ್ತಿರುವುದು ಮೊದಲನೆಯದನ್ನೇ. ದನಿಯಿಲ್ಲದ ಹಕ್ಕಿಗಳ ಕವಿತೆ ಓದಿ ಪಿಯಾನೊ ನುಡಿಸುವ ಆ ಶಾಲೆಯ ಒಗಟಿಗೆ ನಾವು ಎರಡು ಭಾನುವಾರ ಕಳೆದೆವು, ಸದ್ದು ಬಾರದ ಕೀಗಳನ್ನೇ ಒತ್ತಬೇಕು ಅಂತ ಹೊಳೆದದ್ದು ನಿನ್ನ ಅಕ್ಕನಿಗೆ. ನಮ್ಮ ಸೇವ್ ಇದ್ದ ಮೆಮೊರಿ ಕಾರ್ಡ್ ನಿನ್ನ ಹತ್ತಿರವೇ ಇರಬೇಕು. ಬೂದು ಬಣ್ಣದ್ದು, ಮೇಲೆ ಅವಳ ನೇಲ್ ಪಾಲಿಶಿನ ಕೆಂಪು ಗೀಟು. ಹುಡುಕಿ ಕಳಿಸು. ಬಸ್ಸಿನವರ ಕೈಗೆ ಕೊಟ್ಟರೂ ಸಾಕು, ಸ್ಟ್ಯಾಂಡಿನಲ್ಲಿ ಇಸ್ಕೊಳ್ಳುತ್ತೇನೆ. ಕತ್ತಲಾಗುವುದಕ್ಕೆ ಮೊದಲು ಬರುವ ಬಸ್ಸಿಗೇ ಕೊಡು, ಆನೆ ಇನ್ನೂ ಹೋಗಿಲ್ಲ.

ಇಂತಿ ನಿನ್ನ
ಜಿಪುಣ