ಬಿಸಿಲಿಗೆ ಹುಂಜವೂ ಬಳಲುತ್ತದೆ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರೇ, ನಮಸ್ಕಾರ.

ನಾನು ರಾಯಚೂರು ಜಿಲ್ಲೆಯವನು. ನಾಟಿ ಕೋಳಿ ಸಾಕಿ, ಚಿಕ್ಕದೊಂದು ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿಸಿ ಮಾರುತ್ತೇನೆ. ಏಪ್ರಿಲ್, ಮೇ ಬಂತೆಂದರೆ ನಮ್ಮಂಥವರ ಗೋಳು ಒಂದೇ. ಮೊಟ್ಟೆ ಇದೆ, ಮರಿ ಇಲ್ಲ. ಕಾವಿಗಿಟ್ಟ ಏಳನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದರೆ ಒಳಗೆ ಜೇಡರ ಬಲೆಯಂತೆ ಕೆಂಪು ನರ ಹರಡಿರಬೇಕು. ಬೇಸಿಗೆಯಲ್ಲಿ ಎಷ್ಟೋ ಮೊಟ್ಟೆಗಳಲ್ಲಿ ಏನೂ ಕಾಣುವುದಿಲ್ಲ, ಅಂದರೆ ಮರಿ ಕಟ್ಟಿಲ್ಲ. ಹ್ಯಾಟೆ ಸರಿಯಿಲ್ಲ, ಮಷಿನ್ ಸರಿಯಿಲ್ಲ, ಕರೆಂಟ್ ಹೋಗಿತ್ತು ಅಂತ ಜನ ಮಾತಾಡುತ್ತಾರೆ. ಹುಂಜದ ಕಡೆ ಯಾರೂ ನೋಡುವುದಿಲ್ಲ.

ಕೋಳಿಗೆ ಬೆವರುವುದು ಗೊತ್ತಿಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಮೇಲೆ. ನಮ್ಮೂರಲ್ಲಿ ಹೊರಗೂ ಅಷ್ಟೇ ಬಿಸಿಲು ಬಿದ್ದರೆ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ. ಹುಂಜದ ವೃಷಣಗಳು ಹೊಟ್ಟೆಯೊಳಗೇ ಇರುವುದರಿಂದ ಆ ಕಾವು ನೇರವಾಗಿ ಅಲ್ಲಿಗೂ ತಟ್ಟುತ್ತದೆ. ಕೋಳಿಯ ವೀರ್ಯಾಣುವಿನ ಹೊರಪದರದಲ್ಲಿ ಬೇಗ ಕೆಡುವ ಕೊಬ್ಬಿನಂಶ ಜಾಸ್ತಿ. ಬಿಸಿಲಿಗೆ ಅದು ಹಾಳಾದರೆ ವೀರ್ಯಾಣು ಈಜುವುದಿಲ್ಲ. ಒಂದು ಹುಂಜವನ್ನೇ ನಂಬಿ ಎಂಟು ಹತ್ತು ಹ್ಯಾಟೆ ಇರುತ್ತವೆ. ಆ ಒಂದು ಸೋತರೆ ಅಷ್ಟೂ ಹ್ಯಾಟೆಗಳ ಮೊಟ್ಟೆ ಸುಮ್ನೆ ಹೋದಂತೆ.

ಆ ಕೊಬ್ಬು ಕೆಡದಂತೆ ಕಾಯುವುದು ವಿಟಮಿನ್ ಇ. ಸೆಲೆನಿಯಂ ಅನ್ನುವ ಖನಿಜ ಅದರ ಜೊತೆಗಾರ. ವಿಟಮಿನ್ ಸಿ ಕೋಳಿ ತಾನೇ ಮಾಡಿಕೊಳ್ಳುತ್ತದೆ, ಆದರೆ ಕಡು ಬೇಸಿಗೆಗೆ ಅದು ಸಾಲುವುದಿಲ್ಲ. ಸತುವೂ ಬೇಕು. ವಿಜ್ಞಾನಿಗಳು ಇವನ್ನೆಲ್ಲ ಪರೀಕ್ಷಿಸಿ, ಬಿಸಿಲಲ್ಲಿ ವೀರ್ಯದ ಗುಣ ಸುಧಾರಿಸಿದ್ದನ್ನು ಕಂಡಿದ್ದಾರೆ. ತೊಂದರೆ ಇರುವುದು ನಮ್ಮ ಕೈಗೆ ಸಿಗುವುದರಲ್ಲಿ. ಅಂಗಡಿಯಲ್ಲಿ ದೊಡ್ಡ ಬಾಟಲಿ, ಅದರ ಮೇಲೆ ಇಂಗ್ಲಿಷು, ಅಳತೆಯೆಲ್ಲ ಸಾವಿರ ಬ್ರಾಯ್ಲರ್ ಲೆಕ್ಕದಲ್ಲಿ. ಆರು ಹುಂಜ ಇರುವ ಹೆಣ್ಣುಮಗಳು ಅದನ್ನು ಅಂದಾಜಿನ ಮೇಲೆ ಹಾಕಬೇಕಾ? ಸೆಲೆನಿಯಂ ಒಂದು ಕೆಜಿ ಮೇವಿಗೆ ಅರ್ಧ ಮಿಲಿಗ್ರಾಂ ಕೂಡ ಬೇಕಾಗಿಲ್ಲ. ಜಾಸ್ತಿಯಾದರೆ ಅದೇ ವಿಷ. ವಿಟಮಿನ್ ಸಿಯನ್ನು ಬೆಳಿಗ್ಗೆ ನೀರಿಗೆ ಬೆರೆಸಿ ಬಿಸಿಲಲ್ಲಿ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದರ ಕಸುವು ಕುಗ್ಗಿರುತ್ತದೆ. ಇದನ್ನು ಹೇಳುವವರು ಬೇಕಲ್ವಾ?

ಹೊತ್ತು ನೋಡಿ ಕೊಡುವುದೂ ಮುಖ್ಯ. ಹುಂಜದಲ್ಲಿ ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡು ವಾರ ಬೇಕು. ಮೇ ತಿಂಗಳಲ್ಲಿ ಮೊಟ್ಟೆ ಕೆಟ್ಟ ಮೇಲೆ ಔಷಧಿ ತಂದರೆ ಆ ಬ್ಯಾಚ್ ಹೋದ ಹಾಗೇ. ಶಿವರಾತ್ರಿ ಮುಗಿಯುತ್ತಿದ್ದಂತೆ ಶುರು ಮಾಡಬೇಕು.

ಸರ್ಕಾರ ಹಳ್ಳಿಯ ಹೆಣ್ಣುಮಕ್ಕಳಿಗೆ ನಾಟಿ ಕೋಳಿ ಮರಿ ಕೊಡುತ್ತದೆ. ಒಳ್ಳೆಯ ಕೆಲಸ. ಅದರ ಜೊತೆಗೇ ಫೆಬ್ರವರಿ ಕೊನೆಯೊಳಗೆ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಈ ವಿಟಮಿನ್, ಖನಿಜಗಳ ಹತ್ತು ಕೋಳಿ ಲೆಕ್ಕದ ಚಿಕ್ಕ ಪೊಟ್ಟಣಗಳು ಸಿಗುವಂತೆ ಮಾಡಿ. ಮೇಲೆ ಕನ್ನಡದಲ್ಲಿ ಅಳತೆ ಇರಲಿ, ಚಮಚದ ಲೆಕ್ಕದಲ್ಲಿ. ಬೀದರಿನಲ್ಲಿ ನಮ್ಮದೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಬೀದರ್, ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಹಿತ್ತಲಿನ ಹುಂಜಗಳ ಮೇಲೆಯೇ ಪರೀಕ್ಷೆ ಮಾಡಲು ಅವರಿಗೆ ಹಣ ಕೊಡಿ. ಎಸಿ ಶೆಡ್ಡಿನ ಲೆಕ್ಕ ನಮಗೆ ಹೊಂದುವುದಿಲ್ಲ. ನುಗ್ಗೆ ಸೊಪ್ಪು, ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪಿನಿಂದ ಎಷ್ಟು ಕೆಲಸ ಆಗುತ್ತದೆ ಅನ್ನುವುದನ್ನೂ ನೋಡಲಿ. ಅವು ಹೊಲದಲ್ಲೇ ಸಿಗುತ್ತವೆ.

ನೆರಳು, ತಣ್ಣನೆಯ ನೀರು, ಬೆಳಗಿನ ತಂಪಿನಲ್ಲಿ ಮೇವು, ಇವನ್ನು ನಾವೇ ನೋಡಿಕೊಳ್ಳುತ್ತೇವೆ. ಪೊಟ್ಟಣ ಮತ್ತು ಅಳತೆ ನಿಮ್ಮಿಂದ ಬರಬೇಕು. ಮುಂದಿನ ಬಜೆಟ್‌ ಚರ್ಚೆಯಲ್ಲಿ ಇದಕ್ಕೊಂದು ಉತ್ತರ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಾಯಚೂರು ಜಿಲ್ಲೆಯ ಒಬ್ಬ ಕೋಳಿ ಸಾಕಣೆದಾರ