ಎರಡನೆಯ ದಿನದ ಪುಟವನ್ನು ಖಾಲಿ ಬಿಡಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರಗಳು. ಶಿಕ್ಷಕರ ಎರಡು ದಿನಗಳ ಸಮ್ಮೇಳನದ ಕರಡು ಆಹ್ವಾನ ಪತ್ರಿಕೆ ನಮ್ಮ ಶಾಲೆಗೂ ಬಂದಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದನ್ನು ಎರಡು ಬಾರಿ ಓದಿದೆ. ಉದ್ಘಾಟನೆ, ಆಶಯ ಭಾಷಣ, ದಿನಕ್ಕೆ ನಾಲ್ಕು ಗೋಷ್ಠಿ, ಪ್ರತಿ ಗೋಷ್ಠಿಗೆ ಒಬ್ಬ ಅಧ್ಯಕ್ಷರು, ಮೂವರು ವಿಷಯ ಮಂಡಿಸುವವರು, ಕೊನೆಗೆ ಸಮಾರೋಪ. ಪ್ರತಿ ಗೋಷ್ಠಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂವಾದ: 10 ನಿಮಿಷ’ ಎಂದಿದೆ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಆ ಹತ್ತು ನಿಮಿಷಗಳ ಗತಿ ಏನಾಗುತ್ತದೆ ಎಂಬುದು ಗೊತ್ತು. ಮಂಡನೆ ಸಮಯ ಮೀರುತ್ತದೆ, ಅಧ್ಯಕ್ಷರು ಎಲ್ಲವನ್ನೂ ಸಮೀಕ್ಷಿಸುತ್ತಾರೆ, ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಮಕ್ಕಳ ಜೊತೆ ದಿನವಿಡೀ ಇರುವವರು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ.

ಮೊದಲ ದಿನ ಹಾಗೆಯೇ ಇರಲಿ. ಹೊಸ ಪಠ್ಯಕ್ರಮದಲ್ಲಿ ಏನು ಬದಲಾಗಿದೆ ಎಂಬುದನ್ನು ತಿಳಿದವರು ನಿಂತು ಹೇಳಬೇಕು, ಉಳಿದವರು ಕುಳಿತು ಕೇಳಬೇಕು. ಅದಕ್ಕೆ ಉಪನ್ಯಾಸಕ್ಕಿಂತ ಒಳ್ಳೆಯ ದಾರಿ ಇಲ್ಲ. ನನ್ನ ಕೋರಿಕೆ ಇರುವುದು ಎರಡನೆಯ ದಿನದ ಬಗ್ಗೆ. ಆ ದಿನಕ್ಕೆ ಭಾಷಣಕಾರರನ್ನು ಗೊತ್ತುಮಾಡಬೇಡಿ. ಯಾವ ವಿಷಯ, ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ ಎಂಬುದನ್ನು ಅಂದು ಬೆಳಗ್ಗೆ ಬಂದವರೇ ತೀರ್ಮಾನಿಸಲಿ.

ಇದು ನಾನು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಅಮೆರಿಕದ ಹ್ಯಾರಿಸನ್ ಓವನ್ ಎಂಬವರು 1983ರಲ್ಲಿ 250 ಮಂದಿಯ ಅಂತರರಾಷ್ಟ್ರೀಯ ಸಮ್ಮೇಳನವೊಂದನ್ನು ನಡೆಸಿದರು. ಸಿದ್ಧತೆಗೆ ಇಡೀ ಒಂದು ವರ್ಷ ಹಿಡಿಯಿತು. ಎಲ್ಲ ಮುಗಿದ ಮೇಲೆ ಅವರಿಗೂ ಬಂದಿದ್ದವರಿಗೂ ಒಂದೇ ಮಾತು ಹೊಳೆಯಿತು: ಇಡೀ ಸಮ್ಮೇಳನದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ನಡುನಡುವಿನ ಕಾಫಿ ವಿರಾಮ. ಅವರು ಯೋಜಿಸದೆ ಬಿಟ್ಟಿದ್ದ ಭಾಗ ಅದೊಂದೇ. ಅದಕ್ಕೂ ಮೊದಲು ಅವರು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿದ್ದಾಗ ಬಾಲಾಮಾ ಎಂಬ ಹಳ್ಳಿಯ ಉತ್ಸವವನ್ನು ಕಂಡಿದ್ದರು. ನಾಲ್ಕು ದಿನ, ನೂರಾರು ಜನ. ಕಾರ್ಯಕಾರಿ ಸಮಿತಿ ಎಂಬುದೇ ಇರಲಿಲ್ಲ. ಆದರೂ ಎಲ್ಲವೂ ನಡೆಯಿತು. ಈ ಎರಡು ಅನುಭವಗಳನ್ನು ಜೋಡಿಸಿ 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಸುಮಾರು 85 ಜನರನ್ನು ಒಂದು ವೃತ್ತದಲ್ಲಿ ಕೂರಿಸಿದರು. ಕೈಯಲ್ಲಿ ಕಾರ್ಯಸೂಚಿ ಇರಲಿಲ್ಲ. ಎರಡು ಗಂಟೆಗಳೊಳಗೆ ಮೂರು ದಿನಗಳಿಗೆ ಸಾಲುವಷ್ಟು ಗೋಷ್ಠಿಗಳು ಗೋಡೆಯ ಮೇಲೆ ಸಿದ್ಧವಾದವು. ಆ ವಿಧಾನಕ್ಕೆ ಓಪನ್ ಸ್ಪೇಸ್ ಎಂಬ ಹೆಸರು ನಿಂತಿತು.

ಇಪ್ಪತ್ತು ವರ್ಷಗಳ ನಂತರ, 2005ರ ಆಗಸ್ಟ್‌ನಲ್ಲಿ, ಅದೇ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ತಂತ್ರಜ್ಞರು ಬಾರ್‌ಕ್ಯಾಂಪ್ ಎಂಬ ಹೆಸರಿನಲ್ಲಿ ಇಂಥದ್ದೇ ಕೂಟ ನಡೆಸಿದರು. ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶವಿದ್ದ ಫೂಕ್ಯಾಂಪ್ ಎಂಬ ತಂತ್ರಜ್ಞರ ಕೂಟಕ್ಕೆ ಬದಲಾಗಿ, ಯಾರು ಬೇಕಾದರೂ ಬರಬಹುದಾದ ಕೂಟವೊಂದು ಇರಲಿ ಎಂದುಕೊಂಡು ಒಂದು ವಾರದೊಳಗೆ ಏರ್ಪಾಡು ಮುಗಿಸಿದ್ದರು. ಫಿಲಡೆಲ್ಫಿಯಾದ ಕೆಲವು ಶಿಕ್ಷಕರು ತಮ್ಮ ಊರಿನ ಬಾರ್‌ಕ್ಯಾಂಪಿಗೆ ಹೋಗಿ ಬಂದು, ಇದನ್ನು ನಾವೇಕೆ ಮಾಡಬಾರದು ಎಂದು 2010ರಲ್ಲಿ ಶಿಕ್ಷಕರಿಗಾಗಿಯೇ ಎಡ್‌ಕ್ಯಾಂಪ್ ಎಂಬ ಕೂಟ ಆರಂಭಿಸಿದರು. ಬ್ರಿಟನ್ನಿನಲ್ಲಿ ಸರ್ಕಾರಿ ನೌಕರರು ಮತ್ತು ಸಾರ್ವಜನಿಕ ಸೇವೆಯಲ್ಲಿ ಆಸಕ್ತಿಯುಳ್ಳವರು ಸೇರಿ 2008ರಿಂದ ಗವ್‌ಕ್ಯಾಂಪ್ ಎಂಬ ಇಂಥದ್ದೇ ಕೂಟ ನಡೆಸುತ್ತಿದ್ದಾರೆ. ಇದನ್ನು ನಿಮ್ಮ ಅಧಿಕಾರಿಗಳಿಗಾಗಿ ಹೇಳುತ್ತಿದ್ದೇನೆ. ಸರ್ಕಾರದ ಕೆಲಸಕ್ಕೆ ಇದು ಒಗ್ಗುವುದಿಲ್ಲ ಎಂದು ಅವರು ಹೇಳಿದರೆ, ಒಗ್ಗಿದ ಉದಾಹರಣೆ ಇದೆ.

ಆ ದಿನ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ‘ಜನರನ್ನು ಅವರ ಪಾಡಿಗೆ ಬಿಡುವುದು’ ಎಂದು ಕೇಳಿದವರಿಗೆ ಅದು ಏರ್ಪಾಡೇ ಇಲ್ಲದ ಗಲಾಟೆಯಂತೆ ತೋರುತ್ತದೆ. ವಾಸ್ತವದಲ್ಲಿ ಅಲ್ಲಿ ಬಿಗಿಯಾದ ಚೌಕಟ್ಟು ಇರುತ್ತದೆ. ವೇದಿಕೆ ಇರುವುದಿಲ್ಲ, ಕುರ್ಚಿಗಳು ವೃತ್ತದಲ್ಲಿರುತ್ತವೆ. ಒಂದು ಗೋಡೆಯ ಮೇಲೆ ದೊಡ್ಡ ಕೋಷ್ಟಕ: ಮೇಲೆ ಅಡ್ಡಕ್ಕೆ ಕೋಣೆಗಳ ಹೆಸರು, ಎಡಕ್ಕೆ ವೇಳೆ, ಒಳಗೆಲ್ಲ ಖಾಲಿ ಚೌಕಗಳು. ಹತ್ತು ಕೋಣೆ, ನಾಲ್ಕು ಅವಧಿ ಎಂದಿಟ್ಟುಕೊಂಡರೆ ನಲವತ್ತು ಚೌಕ. ಮುನ್ನೂರು ಜನ ಬಂದರೂ ಮಾತನಾಡಬೇಕೆನ್ನುವ ಯಾರಿಗೂ ಜಾಗವಿಲ್ಲ ಎನ್ನುವ ಪರಿಸ್ಥಿತಿ ಸಾಮಾನ್ಯವಾಗಿ ಬರುವುದಿಲ್ಲ. ನಿರ್ವಾಹಕರೊಬ್ಬರು ಕಾಲು ಗಂಟೆಯಲ್ಲಿ ನಿಯಮಗಳನ್ನು ತಿಳಿಸುತ್ತಾರೆ. ವಿಷಯವಿದ್ದವರು ವೃತ್ತದ ನಡುವೆ ಬಂದು, ಹಾಳೆಯ ಮೇಲೆ ಅದನ್ನು ಬರೆದು, ತಮ್ಮ ಹೆಸರು ಹೇಳಿ, ವಿಷಯವನ್ನು ಒಂದೇ ವಾಕ್ಯದಲ್ಲಿ ಓದಿ, ಹಾಳೆಯನ್ನು ಒಂದು ಚೌಕದಲ್ಲಿ ಅಂಟಿಸುತ್ತಾರೆ. ವಿಷಯದಲ್ಲಿ ಪಾಂಡಿತ್ಯ ಇರಬೇಕೆಂದಿಲ್ಲ. ಉತ್ತರ ತಿಳಿಯದ ಪ್ರಶ್ನೆಯೊಂದಿದ್ದರೂ ಸಾಕು. ಒಂದೇ ಬಗೆಯ ಎರಡು ಹಾಳೆ ಬಂದರೆ ಬರೆದವರಿಬ್ಬರೂ ಒಪ್ಪಿದರೆ ಮಾತ್ರ ಕೂಡಿಸುತ್ತಾರೆ. ಆಮೇಲೆ ಎಲ್ಲರೂ ಗೋಡೆಯ ಬಳಿ ಹೋಗಿ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ.

ಓವನ್ ಇದಕ್ಕೆ ನಾಲ್ಕು ಸೂತ್ರಗಳನ್ನು ಕೊಟ್ಟರು. ಬಂದವರೇ ಬರಬೇಕಾಗಿದ್ದವರು. ನಡೆದದ್ದೇ ನಡೆಯಬಹುದಾಗಿದ್ದದ್ದು. ಯಾವಾಗ ಶುರುವಾಯಿತೋ ಅದೇ ಸರಿಯಾದ ಹೊತ್ತು. ಮುಗಿದಾಗ ಮುಗಿಯಿತು. ಎರಡನೆಯದು ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಸರಿಯಾಗಿ ನಡೆಯದ ಗೋಷ್ಠಿಗೆ ಅದು ಸುಲಭದ ಸಮಾಧಾನವಾಗಿಬಿಡುತ್ತದೆ. ಆದರೆ ಅವರ ‘ಎರಡು ಕಾಲುಗಳ ನಿಯಮ’ ಮಾತ್ರ ಈ ಪದ್ಧತಿಯ ಜೀವಾಳ. ನೀವಿರುವ ಕಡೆ ನೀವು ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಎಂದಾದರೆ ಎದ್ದು ಬೇರೆ ಕೋಣೆಗೆ ನಡೆಯಿರಿ. ಹಾಗೆ ಎದ್ದುಹೋಗುವುದು ಯಾರಿಗೂ ಅವಮಾನವಲ್ಲ. ಕೋಣೆಯಿಂದ ಕೋಣೆಗೆ ಹೋಗುವವರನ್ನು ಅವರು ದುಂಬಿಗಳೆಂದರು, ಏಕೆಂದರೆ ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಒಯ್ಯುವವರು ಅವರೇ. ಎಲ್ಲೂ ಕೂರದೆ ಹೊರಗೆ ನಿಂತವರು ಚಿಟ್ಟೆಗಳು. ಅವರ ಸುತ್ತಲೂ ಮಾತು ಹುಟ್ಟಿಕೊಳ್ಳುತ್ತದೆ.

ನಾನು ನೋಡಿದ್ದನ್ನು ಹೇಳುತ್ತೇನೆ. ಸುತ್ತಮುತ್ತಲ ಶಾಲೆಗಳ ಸುಮಾರು ಅರುವತ್ತು ಶಿಕ್ಷಕರು ಒಂದು ರಜಾದಿನ ಹೀಗೆ ಸೇರಿದ್ದೆವು. ವಿಷಯ ಬರೆಯಿರಿ ಎಂದಾಗ ಯಾರೂ ಏಳಲಿಲ್ಲ. ಎರಡು ನಿಮಿಷ ಕಳೆಯಿತು. ನಿರ್ವಾಹಕಿ ಸುಮ್ಮನೆ ನಿಂತಿದ್ದರು. ಆ ಮೌನವನ್ನು ತುಂಬಲು ಅವರು ಏನನ್ನೂ ಹೇಳಲಿಲ್ಲ. ಆಗ ಅದೇ ವರ್ಷ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಎದ್ದು, ನೆಲದ ಮೇಲೆ ಮಂಡಿಯೂರಿ ಬರೆಯತೊಡಗಿದಳು. ‘ದೊಡ್ಡ ತರಗತಿಗೆ ಬಂದರೂ ಓದಲು ಬಾರದ ಮಗುವಿಗೆ ಮುಜುಗರವಾಗದಂತೆ ಓದು ಕಲಿಸುವುದು ಹೇಗೆ?’ ಮೊದಲ ಪದಗಳನ್ನು ತುಂಬ ದೊಡ್ಡದಾಗಿ ಬರೆದಿದ್ದರಿಂದ ಕೊನೆಯ ಪದಗಳು ಹಾಳೆಯ ಅಂಚಿಗೆ ಬಂದು ಕಿರಿದಾಗಿ ಒತ್ತಿಕೊಂಡವು. ಓದಿ ಹೇಳುವಾಗ ಅವಳ ದನಿ ನಡುಗುತ್ತಿತ್ತು. ಅವಳು ಕುಳಿತ ಕ್ಷಣಕ್ಕೆ ಮತ್ತೆ ನಾಲ್ಕು ಮಂದಿ ಎದ್ದರು.

ಅವಳ ಕೋಣೆಗೆ ಏಳು ಜನ ಬಂದರು. ಅವರಲ್ಲೊಬ್ಬರು ನಿವೃತ್ತಿಗೆ ಹತ್ತಿರವಾಗಿದ್ದ ಮೇಷ್ಟ್ರು, ಬೆಳಗ್ಗೆಯಿಂದ ತುಟಿ ಬಿಚ್ಚದವರು. ತಮ್ಮ ಶಾಲೆಯಲ್ಲಿ ಓದಲು ಬಾರದ ದೊಡ್ಡ ಮಕ್ಕಳಿಗೆ ಒಂದನೆಯ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ ಒಪ್ಪಿಸುತ್ತೇನೆ ಎಂದರು. ಪುಟಾಣಿಗಳ ಪುಸ್ತಕ ಆದ್ದರಿಂದ ಅಕ್ಷರ ದಪ್ಪ, ವಾಕ್ಯ ಚಿಕ್ಕದು. ಮಗು ಮನೆಯಲ್ಲಿ ಆ ಒಂದು ಪುಟವನ್ನು ಹತ್ತು ಸಲ ಓದಿ ಸಿದ್ಧವಾಗಿ ಬರುತ್ತದೆ. ‘ಸಣ್ಣ ಪುಸ್ತಕ ಏಕೆ ಓದುತ್ತಿದ್ದೀಯ ಎಂದು ಯಾರೂ ಅದನ್ನು ಕೇಳುವುದಿಲ್ಲ, ಅದು ಪುಟಾಣಿಗಳಿಗಾಗಿ ಓದುತ್ತಿದೆಯಲ್ಲ’ ಎಂದರು. ಆ ಹುಡುಗಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ಮರುವಾರ ನಾನೂ ನನ್ನ ಶಾಲೆಯಲ್ಲಿ ಇದನ್ನು ಶುರುಮಾಡಿದೆ.

ಆ ಮೇಷ್ಟ್ರ ಹೆಸರು ಯಾವ ಆಹ್ವಾನ ಪತ್ರಿಕೆಯಲ್ಲೂ ಅಚ್ಚಾಗಿರುತ್ತಿರಲಿಲ್ಲ, ಸಚಿವರೇ. ಅವರಿಗೆ ಆ ವಿಷಯ ಗೊತ್ತಿದೆ ಎಂಬುದು ಸಂಘಟಕರಿಗೆ ತಿಳಿಯುವ ದಾರಿಯೇ ಇರಲಿಲ್ಲ. ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ಇದೇ. ಮೂರು ತಿಂಗಳ ಮೊದಲು ಕಚೇರಿಯಲ್ಲಿ ಕುಳಿತು ಗೋಷ್ಠಿಗಳ ಪಟ್ಟಿ ಮಾಡುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ತಮಗೆ ಪರಿಚಯವಿರುವ ಹೆಸರುಗಳನ್ನೇ ಬರೆಯಬೇಕಾಗುತ್ತದೆ.

ಅದೇ ದಿನ ಪಕ್ಕದ ಕೋಣೆಯಲ್ಲಿ ವಿಜ್ಞಾನ ಶಿಕ್ಷಕರೊಬ್ಬರ ವಿಷಯಕ್ಕೆ ಒಬ್ಬರೂ ಬರಲಿಲ್ಲ. ಅವರು ಒಂದು ಗಂಟೆ ಒಬ್ಬರೇ ಕುಳಿತು ತಮ್ಮ ಪ್ರಯೋಗ ಪಾಠಗಳ ಯೋಜನೆ ಬರೆದರು; ಇಷ್ಟು ಹೊತ್ತು ಇದಕ್ಕೆ ಸಿಕ್ಕಿದ್ದೇ ಇಲ್ಲ ಎಂದು ಸಂಜೆ ಹೇಳಿದರು.

ಈ ಪದ್ಧತಿಯಲ್ಲಿ ತೊಡಕುಗಳೂ ಇವೆ. ಮಾತುಗಾರರು ಇಲ್ಲೂ ಮಾತುಗಾರರೇ. ಮೈಕು ತೆಗೆದ ಮಾತ್ರಕ್ಕೆ ಎಲ್ಲರ ದನಿಯೂ ಸಮನಾಗುವುದಿಲ್ಲ. ಹಾಗಾಗಿ ಗೋಷ್ಠಿಯ ಆರಂಭದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ನಿಮಿಷ ಕೊಟ್ಟು ಸುತ್ತು ಹೋಗುವುದು ಒಳ್ಳೆಯದು. ದೊಡ್ಡ ಗುಂಪಾದರೆ ‘ಮೀನಿನ ಬಟ್ಟಲು’ ಎನ್ನುವ ಕ್ರಮವಿದೆ: ನಡುವೆ ಐದು ಕುರ್ಚಿ, ನಾಲ್ಕರಲ್ಲಿ ಜನ, ಒಂದು ಖಾಲಿ. ನಡುವೆ ಕುಳಿತವರು ಮಾತ್ರ ಮಾತನಾಡಬೇಕು. ಹೊರಗಿನವರಿಗೆ ಹೇಳುವುದಿದ್ದರೆ ಬಂದು ಖಾಲಿ ಕುರ್ಚಿಯಲ್ಲಿ ಕೂರುತ್ತಾರೆ. ಆಗ ಒಳಗಿನವರಲ್ಲಿ ಒಬ್ಬರು ಎದ್ದು ಜಾಗ ಬಿಡುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಭಯ. ಮೇಲಧಿಕಾರಿ ಪಕ್ಕದಲ್ಲೇ ಕುಳಿತಿರುವಾಗ ಶಿಕ್ಷಕ ತನ್ನ ತರಗತಿಯಲ್ಲಿ ಏನು ಕೈಗೂಡುತ್ತಿಲ್ಲ ಎಂಬುದನ್ನು ಹೇಳುತ್ತಾನೆಯೇ? ಲಂಡನ್ನಿನ ಚಾಟಮ್ ಹೌಸ್ ಎಂಬ ಸಂಸ್ಥೆ 1927ರಲ್ಲಿ ಒಂದು ನಿಯಮ ಮಾಡಿತು. ಇಂದು ಜಗತ್ತಿನ ಅನೇಕ ಸಭೆಗಳಲ್ಲಿ ಅದು ಬಳಕೆಯಲ್ಲಿದೆ. ಕೇಳಿದ ವಿಚಾರವನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು ಎಂಬುದನ್ನು ಮಾತ್ರ ಬಹಿರಂಗಪಡಿಸಬಾರದು. ಆ ದಿನಕ್ಕೆ ಈ ನಿಯಮವನ್ನು ಸುತ್ತೋಲೆಯ ಮೂಲಕ, ನಿಮ್ಮ ಸಹಿಯೊಂದಿಗೆ ಜಾರಿಮಾಡಿ. ಬಾಯಿಮಾತಿನ ಭರವಸೆಯನ್ನು ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ.

ಹಾಗೆಯೇ ಹಾಜರಾತಿ. ಓವನ್ ಅವರು ಪಟ್ಟುಹಿಡಿದು ಹೇಳಿದ್ದು, ಬರುವವರು ಸ್ವಇಚ್ಛೆಯಿಂದ ಬರಬೇಕು ಎಂದು. ಕಡ್ಡಾಯವಾಗಿ ಕರೆಸಿಕೊಂಡವರಿಗೆ ‘ನಿಮ್ಮ ಕಾಲು ಎತ್ತ ಒಯ್ಯುತ್ತದೋ ಅತ್ತ ಹೋಗಿ’ ಎಂದರೆ ಅವರು ನೇರವಾಗಿ ಮನೆಗೆ ಹೋಗುತ್ತಾರೆ. ಎರಡನೆಯ ದಿನವನ್ನು ಐಚ್ಛಿಕವೆಂದು ಘೋಷಿಸಿ, ಬಂದವರಿಗೆ ಅದನ್ನು ಕರ್ತವ್ಯದ ದಿನವೆಂದೇ ಪರಿಗಣಿಸಿ. ಅರ್ಧದಷ್ಟೇ ಜನ ಬಂದರೂ ಚಿಂತೆಯಿಲ್ಲ.

ನಿಮ್ಮ ಬಗ್ಗೆಯೂ ಒಂದು ಮಾತು. ಉತ್ತರ ಮೊದಲೇ ನಿರ್ಧಾರವಾಗಿದ್ದು, ಜನರ ಒಪ್ಪಿಗೆಯ ಮುದ್ರೆಯಷ್ಟೇ ಬೇಕಾಗಿದ್ದರೆ ದಯವಿಟ್ಟು ಈ ಪದ್ಧತಿಯನ್ನು ಮುಟ್ಟಬೇಡಿ. ಪ್ರಶ್ನೆ ನಿಜವಾಗಿಯೂ ಜಟಿಲವಾಗಿದ್ದು, ಅದಕ್ಕೆ ಯಾರೊಬ್ಬರ ಬಳಿಯೂ ಪೂರ್ತಿ ಉತ್ತರವಿಲ್ಲದಿದ್ದಾಗ, ಭಿನ್ನಾಭಿಪ್ರಾಯ ತೀವ್ರವಾಗಿದ್ದಾಗ, ತೀರ್ಮಾನ ನಿನ್ನೆಯೇ ಆಗಬೇಕಾಗಿತ್ತು ಎನ್ನುವಷ್ಟು ತುರ್ತು ಇದ್ದಾಗ ಇದು ಫಲ ಕೊಡುತ್ತದೆ. ನಮ್ಮ ತರಗತಿಗಳ ಸ್ಥಿತಿ ಈಗ ಹಾಗೆಯೇ ಇದೆ. ಆದ್ದರಿಂದ ನೀವೂ ಬನ್ನಿ, ವೃತ್ತದಲ್ಲಿ ಒಂದು ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಿಮಗೆ ಉತ್ತರ ತಿಳಿಯದ ಪ್ರಶ್ನೆಯೊಂದಿದ್ದರೆ ಎದ್ದು ಹಾಳೆಯ ಮೇಲೆ ಬರೆಯಿರಿ. ಸಂಜೆ ಕೊನೆಯ ವೃತ್ತ ಮುಗಿಯುವವರೆಗೆ ಇರಿ. ಬೆಳಗ್ಗೆ ಅರ್ಧ ಗಂಟೆ ಇದ್ದು ಹೊರಡಬೇಕಾದ ಒತ್ತಡವಿದ್ದರೆ ಮೊದಲ ದಿನ ಬನ್ನಿ, ಎರಡನೆಯ ದಿನ ಬೇಡ. ನೀವು ಎದ್ದು ಹೊರಟಾಗ ಅರ್ಧ ಸಭೆ ನಿಮ್ಮ ಹಿಂದೆಯೇ ಹೊರಡುತ್ತದೆ.

ಪ್ರತಿ ಗೋಷ್ಠಿಯಲ್ಲೂ ಒಬ್ಬರು ಟಿಪ್ಪಣಿ ಬರೆಯಲಿ, ಅಂದು ಸಂಜೆಯೇ ಎಲ್ಲ ಟಿಪ್ಪಣಿಗಳ ಪ್ರತಿ ಬಂದವರ ಕೈಸೇರಲಿ. ಅದರಲ್ಲಿ ಇಲಾಖೆಯಿಂದ ಆಗಬೇಕಾದ ಕೆಲಸ ಎಂದು ಗುರುತಿಸಿದ ಪ್ರತಿಯೊಂದಕ್ಕೂ ಮೂವತ್ತು ದಿನಗಳಲ್ಲಿ ಉತ್ತರ ಕೊಡಿ: ಮಾಡುತ್ತೇವೆ, ಅಥವಾ ಆಗುವುದಿಲ್ಲ, ಏಕೆ. ‘ಆಗುವುದಿಲ್ಲ’ ಎಂಬ ಉತ್ತರವನ್ನು ನಾವು ಸಹಿಸಿಕೊಳ್ಳುತ್ತೇವೆ. ಬರೆದುಕೊಟ್ಟದ್ದು ಕಡತದೊಳಗೆ ಕಾಣೆಯಾದರೆ ಮುಂದಿನ ಸಲ ಹಾಳೆ ಹಿಡಿದು ಏಳಲು ಯಾರೂ ಸಿಗುವುದಿಲ್ಲ.

ಕರಡಿಗೆ ತಿಂಗಳ ಕೊನೆಯೊಳಗೆ ಸಲಹೆ ಕಳುಹಿಸಬಹುದು ಎಂದು ಸುತ್ತೋಲೆಯಲ್ಲಿದೆ. ನನ್ನ ಸಲಹೆ ಒಂದೇ: ಎರಡನೆಯ ದಿನದ ಪುಟದಲ್ಲಿ ಖಾಲಿ ಚೌಕಗಳ ಕೋಷ್ಟಕವನ್ನು ಮಾತ್ರ ಅಚ್ಚು ಹಾಕಿಸಿ. ನನ್ನ ಹಾಳೆಯ ಪ್ರಶ್ನೆ ಸಿದ್ಧವಾಗಿದೆ. ‘ತರಗತಿಯಲ್ಲಿ ಒಂದು ವರ್ಷದಿಂದ ಬಾಯಿ ಬಿಡದ ಮಗುವನ್ನು ಮಾತನಾಡಿಸಿದವರು ಯಾರಾದರೂ ಇದ್ದೀರಾ?’ ಮಧ್ಯಾಹ್ನದ ಮೊದಲ ಅವಧಿಯಲ್ಲಿ, ಯಾವ ಕೋಣೆ ಸಿಕ್ಕರೆ ಆ ಕೋಣೆಯಲ್ಲಿ ಕಾಯುತ್ತಿರುತ್ತೇನೆ.

ಗೌರವಾದರಗಳೊಂದಿಗೆ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ