ಕಚೇರಿ ನವೀಕರಣ: ಕೇಬಲ್ ಮಾರ್ಗ ನಕ್ಷೆಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಹಳೆಯ ಸರ್ಕಾರಿ ಕಚೇರಿಗಳನ್ನು ನವೀಕರಿಸಿ, ವಿಸ್ತರಿಸಿ, ಆಧುನಿಕ ತಂತ್ರಜ್ಞಾನ ವ್ಯವಸ್ಥೆಗಳನ್ನು ಅಳವಡಿಸುವುದು ಸ್ವಾಗತಾರ್ಹ. ಆದರೆ ಕಾಮಗಾರಿಯ ಕ್ರಮದಲ್ಲೇ ಒಂದು ತಪ್ಪು ನುಸುಳುತ್ತದೆ. ಸಿವಿಲ್ ಕೆಲಸ ಮುಗಿದು, ಬಣ್ಣ ಬಳಿದು, ಉದ್ಘಾಟನೆಯ ದಿನ ಗೊತ್ತಾದ ಮೇಲೆ ನೆಟ್‌ವರ್ಕ್ ಕೇಬಲ್ ಎಳೆಯುವವರನ್ನು ಕರೆಯಲಾಗುತ್ತದೆ.

ದಾಖಲೆಯೊಂದಕ್ಕಾಗಿ ನಾನು ಹೋಗಿದ್ದ ಕಚೇರಿಯಲ್ಲಿ ನವೀಕರಣ ಮುಗಿದು ವರ್ಷವೂ ತುಂಬಿರಲಿಲ್ಲ. ಕೇಬಲ್ ತೂರಿಸಲು ಹೊಸ ಗಾರೆಯಲ್ಲಿ ಕೊರೆದ ರಂಧ್ರಗಳನ್ನು ಯಾರೂ ಮುಚ್ಚಿರಲಿಲ್ಲ. ಸರ್ವರ್ ಇದ್ದದ್ದು ಮೆಟ್ಟಿಲಡಿಯ ಗೂಡಿನಲ್ಲಿ; ಅದರ ಹಿಂದಿನದು ಶೌಚಾಲಯದ ಗೋಡೆ, ಮುಟ್ಟಿದರೆ ಕೈಗೆ ತೇವ ತಾಗುತ್ತಿತ್ತು. ಅಂದು ಸರ್ವರ್ ಕೈಕೊಟ್ಟಾಗ ವೃದ್ಧೆಯೊಬ್ಬರು ಟೋಕನ್ ಚೀಟಿಯನ್ನು ಮಡಚುತ್ತ, ಬಿಚ್ಚುತ್ತ ಸಂಜೆಯವರೆಗೂ ಕುಳಿತಿದ್ದರು. ಕೌಂಟರಿನ ಸಿಬ್ಬಂದಿಯನ್ನು ದೂರಿ ಫಲವಿಲ್ಲ, ತಪ್ಪಿದ್ದದ್ದು ನಕ್ಷೆಯಲ್ಲಿ.

ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಒಂದು ಎಳೆ ಸಾಮಾನ್ಯವಾಗಿ 100 ಮೀಟರ್ ಮೀರಬಾರದು. ಆದ್ದರಿಂದ ಹಳೆಯ ಕಟ್ಟಡಕ್ಕೆ ಹೊಸ ಭಾಗ ಸೇರಿಸುವಾಗ ಮಹಡಿಗಳಲ್ಲಿ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಸಾಧನ) ಇಡುವ ಜಾಗವೂ ಎರಡು ಭಾಗಗಳ ನಡುವೆ ಹೆಚ್ಚು ದೂರ ತಲುಪುವ ಆಪ್ಟಿಕಲ್ ಫೈಬರ್ ಕೇಬಲ್ ಹಾಯುವ ಮಾರ್ಗವೂ ಮೊದಲೇ ನಿಗದಿಯಾಗಬೇಕು. ವಿದ್ಯುತ್ ತಂತಿ ಮತ್ತು ನೆಟ್‌ವರ್ಕ್ ಕೇಬಲ್‌ಗಳಿಗೆ ಬೇರೆ ಬೇರೆ ಪೈಪು ಬೇಕು. ವೈಫೈ ಇದೆಯಲ್ಲ ಎಂದು ಸುಮ್ಮನಾಗುವಂತಿಲ್ಲ, ಏಕೆಂದರೆ ಹಳೆಯ ಕಟ್ಟಡಗಳ ದಪ್ಪ ಕಲ್ಲುಗೋಡೆಯನ್ನು ದಾಟುವಾಗ ಅದರ ಸಂಕೇತ ಕುಗ್ಗುತ್ತದೆ. ಅಂಥ ಗೋಡೆಯ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಮೆತ್ತಿದರೆ ಹೊರಹೋಗಬೇಕಾದ ತೇವ ಒಳಗೇ ಉಳಿದು, ಕಡತಗಳಿಗೂ ಯಂತ್ರಗಳಿಗೂ ಕುತ್ತಾಗುತ್ತದೆ. ಯುಪಿಎಸ್ ಬ್ಯಾಟರಿಗಳ ಭಾರವನ್ನು ಹಳೆಯ ಮಹಡಿ ತಾಳಬಲ್ಲದೇ ಎಂದು ಪರೀಕ್ಷಿಸುವುದೂ ಅಷ್ಟೇ ಅಗತ್ಯ.

ಕಾಗದದ ಕಡತಗಳನ್ನು ಸ್ಕ್ಯಾನ್ ಮಾಡಿದೊಡನೆ ದಾಖಲೆ ಕೊಠಡಿಯನ್ನೇ ಕಿರಿದಾಗಿಸುವ ಆತುರ ನನಗಂತೂ ಒಪ್ಪಿಗೆಯಿಲ್ಲ. ಅಂಚು ಹರಿದ, ಶಾಯಿ ಮಾಸಿದ ಹಾಳೆಯ ಪ್ರತಿಯಲ್ಲಿ ಒಂದು ಅಂಕಿ ಅಸ್ಪಷ್ಟವಾದರೂ ಮೂಲವನ್ನೇ ನೋಡಬೇಕಾಗುತ್ತದೆ. ಹಾಗೆಯೇ ಹನ್ನೆರಡು ಅಡಿಗೆ ಒಂದು ಅಡಿಗಿಂತ ಕಡಿದಾಗಿ ಏರದ ಇಳಿಜಾರು ದಾರಿ ಬಾಗಿಲಲ್ಲಿ ಇಲ್ಲದಿದ್ದರೆ, ಒಳಗಿನ ಟಚ್ ಸ್ಕ್ರೀನ್ ಗಾಲಿಕುರ್ಚಿಯಲ್ಲಿ ಬಂದವರಿಗೆ ಎಟುಕದು.

ಟೆಂಡರ್ ಕರೆಯುವ ಮೊದಲು ಸಿವಿಲ್, ವಿದ್ಯುತ್ ಹಾಗೂ ನೆಟ್‌ವರ್ಕ್ ಎಂಜಿನಿಯರುಗಳು ಒಂದೇ ನಕ್ಷೆಗೆ ಸಹಿ ಹಾಕುವಂತಾಗಲಿ. ಆ ನಕ್ಷೆಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಿ, ಅಲ್ಲೇ ದುಡಿಯುವ ಗುಮಾಸ್ತರ ಅಭಿಪ್ರಾಯವನ್ನೂ ಪಡೆಯಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇಂತಿ,
ಓದುಗ